ನಿಮ್ಮ ಸೋಲಾರ್ ಬ್ಯಾಟರಿಗೆ ನೀರು ಹಾಕಿ ಎಷ್ಟು ದಿನವಾಯಿತು?

ಸೋಲಾರ್ ಕೈಕೊಟ್ಟಿತು ಎನ್ನುವ ಕಡೆ ಹೋಗಿ ನೋಡಿದರೆ ಹೆಚ್ಚಿನ ಸಲ ಪ್ಯಾನೆಲ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಸೊರಗಿರುವುದು ಬ್ಯಾಟರಿ. ಒಳ್ಳೆಯ ಪ್ಯಾನೆಲ್ 25 ವರ್ಷ ಬಾಳುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಎರಡೇ ವರ್ಷಕ್ಕೆ ಮಲಗಿಬಿಡಬಹುದು.

ಪ್ಯಾನೆಲ್ ಕೆಲಸ ಸುಲಭ. ಬಿಸಿಲೇರುವ ಮುಂಚೆ ಬರೀ ನೀರು ಹಾಕಿ, ಮೆತ್ತನೆಯ ಬಟ್ಟೆಯಿಂದ ಒರೆಸಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಹಕ್ಕಿ ಹಿಕ್ಕೆಯನ್ನು ಮಾತ್ರ ಹಾಗೇ ಬಿಡಬೇಡಿ. ಪ್ಯಾನೆಲ್‌ನ ಸೆಲ್‌ಗಳೆಲ್ಲ ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ಸೆಲ್ ಮುಚ್ಚಿಹೋದರೂ ಆ ಸಾಲಿನ ಕರೆಂಟ್ ಇಳಿಯುತ್ತದೆ, ಆ ಜಾಗ ಬಿಸಿಯೇರುತ್ತದೆ. ಗಾಜು ಒಡೆದಿದ್ದರೆ ನೀರು ಹಾಕಲೇಬೇಡಿ, ಮೆಕ್ಯಾನಿಕ್ ಕರೆಸಿ.

ಈಗ ಬ್ಯಾಟರಿಗೆ ಬನ್ನಿ. ಚಾರ್ಜ್ ಆಗುವಾಗ ಇದರಿಂದ ಹೈಡ್ರೋಜನ್ ಹೊರಬರುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ಉಂಗುರ, ಬಳೆ, ವಾಚು ತೆಗೆದಿಡಿ. ರಬ್ಬರ್ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ.

ವೈರ್ ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಇನ್ವರ್ಟರ್ ಆಫ್, ಆಮೇಲೆ ಪ್ಯಾನೆಲ್ ಕಡೆಯ ಸ್ವಿಚ್ ಆಫ್. ನಂತರ ಬ್ಯಾಟರಿಯ ಮೈನಸ್ ವೈರ್, ಕೊನೆಗೆ ಪ್ಲಸ್. ಜೋಡಿಸುವಾಗ ಇದೇ ಕ್ರಮ ಉಲ್ಟಾ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯಾ? ಬ್ಯಾಟರಿ ಮುಚ್ಚಳಗಳು ಬಿಗಿಯಾಗಿವೆಯೇ ನೋಡಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಹಳೆಯ ಟೂತ್‌ಬ್ರಷ್ ಅದ್ದಿ ಉಜ್ಜಿ. ಬುಸ್ಸನೆ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಒರೆಸಿ ಒಣಗಿಸಿ. ವೈರ್ ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಸೋಡಾ ನೀರು ಒಂದು ಹನಿಯೂ ಬ್ಯಾಟರಿ ಒಳಗೆ ಹೋಗಬಾರದು.

ಇನ್ನು ನೀರು. ಒಂದು ಬೇಸಿಗೆಯಲ್ಲಿ ನಾನು ಮೂರ್ನಾಲ್ಕು ತಿಂಗಳು ಈ ಕಡೆ ನೋಡಲೇ ಇಲ್ಲ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಂದು ಸೆಲ್‌ನ (ಬ್ಯಾಟರಿಯೊಳಗಿನ ಒಂದೊಂದು ಖಾನೆಯೂ ಒಂದು ಸೆಲ್) ಪ್ಲೇಟ್‌ಗಳ ತಲೆ ಒಣಗಿ ಬೆಳ್ಳಗಾಗಿತ್ತು. ಎಷ್ಟು ನೀರು ಹಾಕಿದರೂ ಆ ಸೆಲ್ ಮತ್ತೆ ಏಳಲಿಲ್ಲ. ಅವತ್ತಿನಿಂದ ತಿಂಗಳಿಗೊಮ್ಮೆ ತಪ್ಪದೆ ನೋಡುತ್ತೇನೆ.

ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಬೇಡ. ಆಸಿಡ್ ಅಂತೂ ಬೇಡವೇ ಬೇಡ. ಆರಿಹೋಗುವುದು ನೀರು, ಆಸಿಡ್ ಒಳಗೇ ಉಳಿದಿರುತ್ತದೆ ಅಲ್ವಾ? ಫುಲ್ ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿಸಿ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಮಟ್ಟ ಏರಿ ಉಕ್ಕುತ್ತದೆ. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲು ಹಾಕಿ, ಚಾರ್ಜ್ ಮಾಡಿ, ಉಳಿದದ್ದನ್ನು ಆಮೇಲೆ ತುಂಬಿಸಿ.

ಚಾರ್ಜಿಂಗ್, ಬಳಕೆ ಎರಡೂ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12 ವೋಲ್ಟ್ ಬ್ಯಾಟರಿ 12.6ರ ಮೇಲೆ ತೋರಿಸಿದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. ಪದೇಪದೇ ಅದಕ್ಕಿಂತ ಕೆಳಗಿಳಿಸಿದಷ್ಟೂ ಆಯಸ್ಸು ಕಡಿಮೆ. ಸೆಲ್ ಒಳಗಿನ ಆಸಿಡ್ ಎಷ್ಟು ಗಟ್ಟಿ ಎಂದು ಅಳೆಯುವ ಹೈಡ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಆರರಲ್ಲಿ ಐದು ಸೆಲ್ 1.250ರ ಹತ್ತಿರ ಇದ್ದು ಒಂದು ಮಾತ್ರ 1.150 ತೋರಿಸಿದರೆ ತೊಂದರೆ ಆ ಸೆಲ್‌ನಲ್ಲೇ ಇದೆ.

ಲಿಥಿಯಂ ಮತ್ತು ಸೀಲ್ಡ್ ಬ್ಯಾಟರಿಗೆ ನೀರು ಬೇಕಿಲ್ಲ. ಅವನ್ನು ಬಿಚ್ಚಲು ಹೋಗಬೇಡಿ, ಧೂಳು ಒರೆಸಿ ವೈರ್ ಬಿಗಿ ಇದೆಯೇ ನೋಡಿದರೆ ಸಾಕು.

ಪ್ರತಿ ಸಲ ಯಾವ ಸೆಲ್‌ಗೆ ಎಷ್ಟು ನೀರು ಹಿಡಿಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ಎಲ್ಲ ಸೆಲ್‌ಗಳೂ ಇದ್ದಕ್ಕಿದ್ದಂತೆ ಜಾಸ್ತಿ ನೀರು ಕುಡಿಯತೊಡಗಿದರೆ ಬ್ಯಾಟರಿ ಓವರ್‌ಚಾರ್ಜ್ ಆಗುತ್ತಿರಬಹುದು. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟ್ ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್‌ನ ಸೆಟ್ಟಿಂಗ್ ಪರೀಕ್ಷೆ ಮಾಡಿಸಿ.