ಕ್ರಿಮಿನಲ್ ಪ್ರಕರಣವೊಂದರ ಅಧಿಕೃತ ಮಾಹಿತಿಯನ್ನು ಅಂತರ್ಜಾಲದಲ್ಲಿ ಹುಡುಕುವ ಬಗೆ

ಮನೆಯವರೊಬ್ಬರ ಹೆಸರು ಪೊಲೀಸ್ ಪ್ರಕರಣದಲ್ಲಿ ಸೇರಿದಾಗ, ಅಥವಾ ತಾವೇ ದೂರು ಕೊಟ್ಟು ತಿಂಗಳುಗಳು ಕಳೆದರೂ ಮುಂದೇನಾಯಿತೆಂದು ತಿಳಿಯದಿದ್ದಾಗ, ಬಹಳಷ್ಟು ಜನ ಗೂಗಲ್‌ನಲ್ಲಿ ಹೆಸರು ಹಾಕಿ ನೋಡುತ್ತಾರೆ. ಅಲ್ಲಿ ಸಿಗುವುದು ಹೆಚ್ಚಾಗಿ ಪತ್ರಿಕಾ ವರದಿ, ಇಲ್ಲವೇ ಖಾಸಗಿ ತಾಣಗಳ ಅರೆಬರೆ ಮಾಹಿತಿ. ಹುಡುಕಲು ಕೂರುವ ಮೊದಲು ನಮಗೆ ಬೇಕಾದ ಕಾಗದ ಯಾವ ಕಚೇರಿಯಲ್ಲಿ ಹುಟ್ಟಿದ್ದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಎಫ್‌ಐಆರ್ (ಪ್ರಥಮ ಮಾಹಿತಿ ವರದಿ) ಹುಟ್ಟುವುದು ಠಾಣೆಯಲ್ಲಿ, ವಾಯಿದೆ (ವಿಚಾರಣೆಯ ದಿನ) ಮತ್ತು ಆದೇಶ ನ್ಯಾಯಾಲಯದಲ್ಲಿ, ಕಾನೂನಿನ ಕಲಂ ಶಾಸನಸಭೆಯಲ್ಲಿ. ಮೂರಕ್ಕೂ ಬೇರೆ ಬೇರೆ ಸರ್ಕಾರಿ ಜಾಲತಾಣಗಳಿದ್ದು, ಅವುಗಳ ವಿಳಾಸ ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ.

ಎಫ್‌ಐಆರ್‌ನಿಂದಲೇ ಆರಂಭಿಸೋಣ. ಠಾಣೆಯ ಹೆಸರು, ವರ್ಷ ಮತ್ತು ಎಫ್‌ಐಆರ್‌ಗೆ ಠಾಣೆ ಕೊಡುವ ಕ್ರೈಂ ನಂಬರ್ ಇದ್ದರೆ ರಾಜ್ಯ ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಅದನ್ನು ಹುಡುಕಬಹುದು. ಠಾಣೆಯ ಕಾಗದಗಳಲ್ಲಿ ಇದೇ ಸಂಖ್ಯೆಯನ್ನು ‘ಮೊ.ಸಂ.’ ಎಂದೋ ‘ಗುನ್ನೆ ನಂಬರ್’ ಎಂದೋ ಬರೆದಿರುವುದುಂಟು. ದಾಖಲಾದ 24 ಗಂಟೆಗಳೊಳಗೆ ಎಫ್‌ಐಆರ್‌ಅನ್ನು ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ನಿರ್ದೇಶನ ನೀಡಿದೆ. ಸಂಪರ್ಕ ಸೌಲಭ್ಯವಿಲ್ಲದ ಪ್ರದೇಶಗಳಿಗೆ ಈ ಅವಧಿಯನ್ನು 72 ಗಂಟೆಗಳವರೆಗೆ ವಿಸ್ತರಿಸಲು ಅವಕಾಶವಿದೆ. ಆದರೆ ಲೈಂಗಿಕ ಅಪರಾಧ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯಿದೆ), ಭಯೋತ್ಪಾದನೆಯಂತಹ ಸೂಕ್ಷ್ಮ ಪ್ರಕರಣಗಳಿಗೆ ಅದೇ ಆದೇಶ ವಿನಾಯಿತಿ ಕೊಟ್ಟಿರುವುದರಿಂದ, ಹುಡುಕಿದಾಗ ಸಿಗಲಿಲ್ಲವೆಂಬ ಮಾತ್ರಕ್ಕೆ ಎಫ್‌ಐಆರ್ ಆಗಿಯೇ ಇಲ್ಲವೆಂದು ತೀರ್ಮಾನಿಸಬಾರದು. ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮೇ ಹೇಳುತ್ತದೆ. ಠಾಣೆಯಲ್ಲಿ ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ.

ದೋಷಾರೋಪಣ ಪಟ್ಟಿ, ಅಂದರೆ ಚಾರ್ಜ್‌ಶೀಟ್, ಮಾತ್ರ ಹೀಗೆ ಸಿಗುವುದಿಲ್ಲ. ಅದನ್ನು ಸಾರ್ವಜನಿಕ ಜಾಲತಾಣದಲ್ಲಿ ಪ್ರಕಟಿಸುವಂತೆ ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ವಜಾಗೊಳಿಸಿತು. ಆರೋಪಿಗೆ ಅದರ ಪ್ರತಿ ನ್ಯಾಯಾಲಯದ ಮೂಲಕವೇ ಸಿಗುತ್ತದೆ.

ಪ್ರಕರಣ ನ್ಯಾಯಾಲಯ ತಲುಪಿದ ಮೇಲೆ ಆಶ್ರಯಿಸಬೇಕಾದದ್ದು ನ್ಯಾಯಾಲಯಗಳ ಅಧಿಕೃತ ಜಾಲತಾಣವಾದ ಇ-ಕೋರ್ಟ್ಸ್ ಸೇವಾ ತಾಣ. ಬಹುತೇಕರು ಎಡವುವುದು ಇಲ್ಲಿಯೇ, ಏಕೆಂದರೆ ಠಾಣೆಯ ಕ್ರೈಂ ನಂಬರ್ ನ್ಯಾಯಾಲಯದ ಕೇಸ್ ನಂಬರ್ ಅಲ್ಲ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಅದಕ್ಕೆ ‘ಸಿ.ಸಿ.’ ಸಂಖ್ಯೆ ಬೀಳುತ್ತದೆ. ಗಂಭೀರ ಅಪರಾಧವಾಗಿದ್ದು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಲ್ಪಟ್ಟರೆ ಅಲ್ಲಿ ‘ಎಸ್.ಸಿ.’ ಎಂಬ ಇನ್ನೊಂದು ಸಂಖ್ಯೆ ಬರುತ್ತದೆ. ಕೈಯಲ್ಲಿ ಕ್ರೈಂ ನಂಬರ್ ಮಾತ್ರ ಇದ್ದರೆ ಕೇಸ್ ಸ್ಟೇಟಸ್ ವಿಭಾಗಕ್ಕೆ ಹೋಗಿ, ರಾಜ್ಯ, ಜಿಲ್ಲೆ ಮತ್ತು ನ್ಯಾಯಾಲಯ ಸಂಕೀರ್ಣವನ್ನು ಆರಿಸಿ, ಎಫ್‌ಐಆರ್ ಸಂಖ್ಯೆಯ ಮೂಲಕ ಹುಡುಕುವ ಆಯ್ಕೆಯನ್ನು ತೆರೆಯಬೇಕು. ಅಲ್ಲಿ ಠಾಣೆ, ಸಂಖ್ಯೆ, ವರ್ಷ ತುಂಬಿದ ಮೇಲೆ ಇನ್ನೊಂದನ್ನು ಗಮನಿಸಿ: ಬಾಕಿ ಇರುವ ಪ್ರಕರಣಗಳು, ಇತ್ಯರ್ಥವಾದ ಪ್ರಕರಣಗಳು ಎಂಬ ಎರಡು ಗುಂಡಿಗಳಿರುತ್ತವೆ. ಒಂದರಲ್ಲಿ ಏನೂ ಬರದಿದ್ದರೆ ಇನ್ನೊಂದನ್ನು ಒತ್ತಿ ಮತ್ತೆ ಹುಡುಕಬೇಕು. ಏನೂ ಕಾಣಲಿಲ್ಲವೆಂದು ಕೇಸೇ ಇಲ್ಲವೆಂದು ನಂಬಿ ವಾಯಿದೆ ತಪ್ಪಿಸಿಕೊಂಡು, ಕೊನೆಗೆ ವಾರಂಟ್ ಮನೆ ಬಾಗಿಲಿಗೆ ಬಂದವರನ್ನು ನಾನು ಕಂಡಿದ್ದೇನೆ. ಆದ್ದರಿಂದಲೇ ಈ ಸಣ್ಣ ಗುಂಡಿಯ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಕರಣ ಸಿಕ್ಕಿತೆಂದರೆ ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು ಸಿಎನ್‌ಆರ್ ಸಂಖ್ಯೆಯನ್ನು. ಇದು ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿ ಸಿಗುವ 16 ಅಕ್ಷರ-ಅಂಕಿಗಳ ಗುರುತು. ಕರ್ನಾಟಕದ ನ್ಯಾಯಾಲಯಗಳದ್ದು ‘ಕೆಎ’ ಎಂದು ಆರಂಭವಾಗಿ, ಕೊನೆಯ ನಾಲ್ಕು ಅಂಕಿಗಳಲ್ಲಿ ವರ್ಷವನ್ನು ತೋರಿಸುತ್ತದೆ. ಮುಂದಿನ ಸಲ ಜಿಲ್ಲೆ, ಠಾಣೆಗಳನ್ನು ಆರಿಸುವ ಗೋಜಿಲ್ಲದೆ ಇದೊಂದನ್ನೇ ತುಂಬಿದರೆ ಮುಂದಿನ ವಾಯಿದೆ, ಹಿಂದಿನ ವಾಯಿದೆಗಳಲ್ಲಿ ನಡೆದದ್ದು ಮತ್ತು ಪ್ರಕಟವಾಗಿರುವ ಆದೇಶಗಳು ಒಂದೇ ಪುಟದಲ್ಲಿ ಕಾಣುತ್ತವೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿಯೂ ಇದೇ ಸಂಖ್ಯೆ ನಡೆಯುತ್ತದೆ. ಅಲ್ಲಿಂದ ಇಳಿಸಿಕೊಂಡ ಆದೇಶ ನಮ್ಮ ತಿಳಿವಳಿಕೆಗೆ ಸಾಕು, ಆದರೆ ಅದು ದೃಢೀಕೃತ ನಕಲು ಅಲ್ಲ. ಮೇಲ್ಮನವಿಯಂತಹ ಕೆಲಸಕ್ಕೆ ನ್ಯಾಯಾಲಯದ ನಕಲು ವಿಭಾಗಕ್ಕೆ ಅರ್ಜಿ ಹಾಕಲೇಬೇಕು.

ಕಲಂಗಳ ಪಠ್ಯವನ್ನು ಸರ್ಕಾರದ ಕಾಯಿದೆಗಳ ಭಂಡಾರವಾದ ‘ಇಂಡಿಯಾ ಕೋಡ್’ ತಾಣದಲ್ಲಿಯೇ ಓದುವುದು ಒಳ್ಳೆಯದು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದ್ದು, ಅಂಕಿಗಳು ಪೂರ್ತಿ ಬದಲಾಗಿವೆ. ಹಳೆಯ 302 ಕೊಲೆಯ ಶಿಕ್ಷೆಯನ್ನು ಹೇಳುತ್ತಿತ್ತು. ಈಗ ಅದು 103. ಹೊಸ ಸಂಹಿತೆಯ 302 ಧಾರ್ಮಿಕ ಭಾವನೆಗಳನ್ನು ನೋಯಿಸುವ ಉದ್ದೇಶದ ಮಾತುಗಳಿಗೆ ಸಂಬಂಧಿಸಿದ್ದು. ಆ ದಿನಾಂಕಕ್ಕಿಂತ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ, ಕಲಂ ಸಂಖ್ಯೆಯ ಪಕ್ಕದಲ್ಲಿ ಕಾಯಿದೆಯ ಹೆಸರನ್ನು ನೋಡದೆ ಯಾವ ಅರ್ಥಕ್ಕೂ ಬರಬಾರದು.

ಒಂದು ಪ್ರಕರಣವಲ್ಲ, ಒಟ್ಟು ಅಂಕಿಅಂಶ ಬೇಕೆನ್ನುವವರಿಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ಕ್ರೈಂ ಇನ್ ಇಂಡಿಯಾ’ ವಾರ್ಷಿಕ ವರದಿಯಿದೆ. ಅದು ಎಣಿಸುವುದು ದಾಖಲಾದ ಪ್ರಕರಣಗಳನ್ನು ಮಾತ್ರ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಹೆಚ್ಚಿನ ಶಿಕ್ಷೆಯುಳ್ಳದ್ದಷ್ಟೇ ಲೆಕ್ಕಕ್ಕೆ ಬರುತ್ತದೆ.

ಇಷ್ಟೆಲ್ಲ ಹುಡುಕಿದರೂ ಸಿಗದ ಇಲಾಖಾ ಮಾಹಿತಿಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಆನ್‌ಲೈನ್ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು 8(1)(ಎಚ್) ಕಲಂ ಪ್ರಕಾರ ನಿರಾಕರಿಸಲು ಅವಕಾಶವಿರುವುದರಿಂದ, ಅರ್ಜಿಯಲ್ಲಿ ‘ಕೇಸಿನ ಪೂರ್ಣ ವಿವರ ಕೊಡಿ’ ಎಂದು ಬರೆಯುವ ಬದಲು, ಕ್ರೈಂ ನಂಬರ್ ನಮೂದಿಸಿ, ಪೊಲೀಸರ ಅಂತಿಮ ವರದಿ ಯಾವ ದಿನಾಂಕದಂದು ಯಾವ ನ್ಯಾಯಾಲಯಕ್ಕೆ ಸಲ್ಲಿಕೆಯಾಗಿದೆ, ಅದು ಚಾರ್ಜ್‌ಶೀಟೋ ಬಿ ರಿಪೋರ್ಟೋ (ಪ್ರಕರಣವನ್ನು ಮುಕ್ತಾಯಗೊಳಿಸುವ ವರದಿ) ಎಂದು ನಿರ್ದಿಷ್ಟವಾಗಿ ಕೇಳಿ. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದವರು 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಕೋರಬಹುದು. ಕರೆ ಮಾಡುವಾಗ ಸಿಎನ್‌ಆರ್ ಸಂಖ್ಯೆ ಕೈಯಲ್ಲಿರಲಿ.