ಎಲೆಕ್ಟ್ರಿಕ್ ಕಾರೋ, ಪೆಟ್ರೋಲ್ ಕಾರೋ? ಷೋರೂಮಿಗೆ ಹೋಗುವ ಮುನ್ನ ಮನೆಯಲ್ಲೇ ಲೆಕ್ಕ ಹಾಕಿ

ಎಲೆಕ್ಟ್ರಿಕ್ ಕಾರು ಕೊಂಡವರನ್ನು ಕೇಳಿದರೆ ಪೆಟ್ರೋಲ್ ಬಂಕ್ ಮರೆತೇಹೋಗಿದೆ ಎನ್ನುತ್ತಾರೆ. ಕೊಳ್ಳದವರನ್ನು ಕೇಳಿದರೆ ಬ್ಯಾಟರಿ ಕೈಕೊಟ್ಟರೆ ಗತಿಯೇನು ಎಂದು ಹೆದರಿಸುತ್ತಾರೆ. ಇಬ್ಬರ ಮಾತನ್ನೂ ಸ್ವಲ್ಪ ಹೊತ್ತು ಬದಿಗಿಡಿ. ನೀವು ತಿಂಗಳಿಗೆ ಎಷ್ಟು ಕಿ.ಮೀ. ಓಡಿಸುತ್ತೀರಿ, ರಾತ್ರಿ ಕಾರನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬ ಎರಡೇ ಸಂಗತಿಗಳು ಮುಕ್ಕಾಲು ಪಾಲು ತೀರ್ಮಾನ ಮಾಡಿಬಿಡುತ್ತವೆ.

1. ಓಡಾಟವನ್ನು ಅಳೆಯಿರಿ

ಅಂದಾಜು ಬೇಡ. ಈಗಿರುವ ಕಾರಿನ ಎರಡು ಸರ್ವಿಸ್ ಬಿಲ್ ಹುಡುಕಿ. ಎರಡರಲ್ಲೂ ಓಡೋಮೀಟರ್ ರೀಡಿಂಗ್ ಬರೆದಿರುತ್ತದೆ. ಅವುಗಳ ವ್ಯತ್ಯಾಸವನ್ನು ತಿಂಗಳುಗಳಿಂದ ಭಾಗಿಸಿ. ಬರುವ ಉತ್ತರ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇದ್ದರೆ ಆಶ್ಚರ್ಯವಿಲ್ಲ. ರಜೆಯಲ್ಲಿ ಊರಿಗೆ ಹೋಗಿಬಂದದ್ದು ನೆನಪಿನಲ್ಲಿ ಉಳಿಯುತ್ತದೆ, ವಾರವೆಲ್ಲ ಕಾರು ನಿಂತಲ್ಲೇ ನಿಂತದ್ದು ಉಳಿಯುವುದಿಲ್ಲ.

2. ಪ್ಲಗ್ ಪಾಯಿಂಟ್ ನೋಡಿ

ಕಾರಿನ ಬಣ್ಣ ಆರಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಗೀಸರ್‌ಗೆ ಬಳಸುವಂಥ 16 ಆಂಪ್ಸ್ ಸಾಕೆಟ್ ಸಾಕು, ಗಂಟೆಗೆ ಸುಮಾರು ಮೂರು ಯೂನಿಟ್ ತುಂಬುತ್ತದೆ. ರಾತ್ರಿ ಹತ್ತಕ್ಕೆ ಹಾಕಿ ಬೆಳಿಗ್ಗೆ ಆರಕ್ಕೆ ತೆಗೆದರೆ 130–140 ಕಿ.ಮೀ. ಓಡಾಟಕ್ಕೆ ಆಗುವಷ್ಟು.

ತೊಡಕು ಬರುವುದು ಅರ್ಥಿಂಗ್‌ನಲ್ಲಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಗುಂಡಿಗೆ ನೀರು ಕಾಣಿಸಿ ವರ್ಷಗಳೇ ಆಗಿರುತ್ತವೆ. ಮಿಕ್ಸಿ, ಟಿ.ವಿ. ಅದನ್ನು ಸಹಿಸಿಕೊಂಡು ನಡೆಯುತ್ತವೆ. ಕಾರಿನ ಚಾರ್ಜರ್ ಮಾತ್ರ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ಥಿಂಗ್, ವೈರಿನ ದಪ್ಪ, ಮನೆಗೆ ಮಂಜೂರಾಗಿರುವ ಲೋಡ್ ಈ ಮೂರನ್ನೂ ನೋಡಿಸಿ. ಲೋಡ್ ಹೆಚ್ಚಿಸಿಕೊಂಡರೆ ಪ್ರತಿ ಕಿಲೋವಾಟ್‌ಗೆ ನಿಗದಿತ ಶುಲ್ಕವೂ ಏರುತ್ತದೆ. ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ‘ನೋಡೋಣ ಸರ್’ ಎಂಬ ಕಾರ್ಯದರ್ಶಿಯ ಮಾತು ನಂಬಿ ಮುಂಗಡ ಕೊಡಬೇಡಿ.

3. ಕಿ.ಮೀ.ಗೆ ಎಷ್ಟು?

ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಊರೊಳಗಿನ ಮೈಲೇಜ್ 15 ಎಂದು ಹಿಡಿದರೆ ಕಿ.ಮೀ.ಗೆ 6.87 ರೂಪಾಯಿ. ಎಲೆಕ್ಟ್ರಿಕ್ ಕಾರು, ಚಾರ್ಜಿಂಗ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿ, ಯೂನಿಟ್‌ಗೆ ಆರು ಕಿ.ಮೀ. ಕೊಡುತ್ತದೆ ಎನ್ನೋಣ. ಮನೆಯಲ್ಲಿ ಯೂನಿಟ್‌ಗೆ ಆರು ರೂಪಾಯಿ ಆದರೆ ಕಿ.ಮೀ.ಗೆ ಒಂದೇ ರೂಪಾಯಿ. ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ 22 ರೂಪಾಯಿ ತೆತ್ತರೆ ಅದೇ 3.67 ಆಗುತ್ತದೆ. ಮನೆಯಲ್ಲಿ ಪ್ಲಗ್ ಇಲ್ಲದೆ ಈ ಕಾರು ಕೊಳ್ಳುವವರು ಉಳಿತಾಯದ ಅರ್ಧದಷ್ಟನ್ನು ಮೊದಲ ದಿನವೇ ಬಿಟ್ಟುಕೊಟ್ಟಂತೆ.

4. ಗೃಹಜ್ಯೋತಿಯನ್ನು ಮರೆಯಬೇಡಿ

ಷೋರೂಮಿನ ಲೆಕ್ಕದಲ್ಲಿ ಇದು ಬರುವುದೇ ಇಲ್ಲ. ನಿಮ್ಮ ಮನೆ ತಿಂಗಳಿಗೆ 110 ಯೂನಿಟ್ ಬಳಸುತ್ತದೆ, ಬಿಲ್ ಸೊನ್ನೆ. ಸಾವಿರ ಕಿ.ಮೀ. ಓಡುವ ಕಾರು 167 ಯೂನಿಟ್ ಸೇರಿಸುತ್ತದೆ, ಒಟ್ಟು 277. ಬಳಕೆ 200 ಯೂನಿಟ್ ದಾಟಿತೆಂದರೆ ಹೆಚ್ಚುವರಿ 77ಕ್ಕೆ ಮಾತ್ರವಲ್ಲ, ಇಡೀ 277ಕ್ಕೂ ಹಣ ಕಟ್ಟಬೇಕು: ಯೂನಿಟ್‌ಗೆ ಆರರಂತೆ 1,662 ರೂಪಾಯಿ, ಜೊತೆಗೆ ನಿಗದಿತ ಶುಲ್ಕ. ಕಾರಿನ ಖರ್ಚು ಕಿ.ಮೀ.ಗೆ ಒಂದು ರೂಪಾಯಿಯಿಂದ ಒಂದೂಮುಕ್ಕಾಲರ ಹತ್ತಿರಕ್ಕೆ ಜಿಗಿಯಿತು. 200ರ ಒಳಗೇ ಉಳಿದರೂ ನಿಮ್ಮ ಹಿಂದಿನ ಸರಾಸರಿ ಮತ್ತು ಅದರ ಮೇಲಿನ ಶೇ 10 ಮೀರಿದ್ದಕ್ಕೆ ದುಡ್ಡು ಕೊಡಲೇಬೇಕು.

ಪೆಟ್ರೋಲಿನ ಎದುರು ಇದು ಈಗಲೂ ಅಗ್ಗವೇ. ಆದರೂ ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳಲು ಎಷ್ಟಾಗುತ್ತದೆ ಎಂದು ನಿಮ್ಮ ಎಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಕೇಳಿ. ಆ ವರ್ಗಕ್ಕೆ ದರವೇ ಬೇರೆ.

5. ಎರಡು ಆನ್-ರೋಡ್ ಕೊಟೇಷನ್ ತನ್ನಿ

ಜಾಹೀರಾತಿನ ಎಕ್ಸ್-ಶೋರೂಂ ಬೆಲೆ ಹಿಡಿದು ಹೋಲಿಸುವುದು ತಪ್ಪು. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5. ಸಣ್ಣ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18. ಇವು ಬೆಲೆಯೊಳಗೇ ಸೇರಿರುತ್ತವೆ. ಮೇಲೆ ಬೀಳುವುದು ರಾಜ್ಯದ ರಸ್ತೆ ತೆರಿಗೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಶೇ 17ರ ಮೂಲದರ. 12 ಲಕ್ಷದ ಕಾರಿಗೆ ಎರಡು ಲಕ್ಷ ದಾಟುತ್ತದೆ. ಎಲೆಕ್ಟ್ರಿಕ್ ಕಾರುಗಳಿಗೆ ವರ್ಷಗಟ್ಟಲೆ ಇದ್ದ ವಿನಾಯಿತಿ 25 ಲಕ್ಷ ಮೀರಿದವಕ್ಕೆ 2024ರಲ್ಲಿ ಹೋಯಿತು, ಶೇ 10 ಬಂತು. ಸರ್ಕಾರ ಈ ನಿಯಮಕ್ಕೆ ಕೈ ಹಾಕುತ್ತಲೇ ಇರುತ್ತದೆ, ಆದ್ದರಿಂದ ಕೊಳ್ಳುವ ವಾರದ ಕೊಟೇಷನ್‌ನಲ್ಲಿ ತೆರಿಗೆಯ ಸಾಲನ್ನು ಓದಿ.

ಈಗ ಭಾಗಾಕಾರ. ಎರಡೂ ಕಾರುಗಳ ಆನ್-ರೋಡ್ ಬೆಲೆಯಲ್ಲಿ ಮೂರು ಲಕ್ಷದ ವ್ಯತ್ಯಾಸವಿದೆ ಎನ್ನಿ. ಕಿ.ಮೀ.ಗೆ 5.87 ರೂಪಾಯಿ ಉಳಿದರೆ ಸುಮಾರು 51,000 ಕಿ.ಮೀ. ಓಡಿದ ಮೇಲೆ ಲೆಕ್ಕ ಸಮವಾಗುತ್ತದೆ. ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಮೂರು ವರ್ಷವೂ ಬೇಡ. ಸಾವಿರ ಓಡಿಸುವವರಿಗೆ ನಾಲ್ಕೂಕಾಲು ವರ್ಷ. ಐನೂರೇ ಆದರೆ ಎಂಟೂವರೆ ವರ್ಷ. ಅಂಥವರಿಗೆ ನನ್ನ ಸಲಹೆ ನೇರ: ಪೆಟ್ರೋಲ್ ಕಾರನ್ನೇ ಕೊಳ್ಳಿ, ಉಳಿದ ಮೂರು ಲಕ್ಷವನ್ನು ಬ್ಯಾಂಕಿನಲ್ಲಿಡಿ.

ಎಂಜಿನ್ ಆಯಿಲ್, ಕ್ಲಚ್ ಇಲ್ಲದ್ದರಿಂದ ಎಲೆಕ್ಟ್ರಿಕ್ ಕಾರಿನ ಸರ್ವಿಸ್ ಖರ್ಚು ಕಡಿಮೆ. ಥರ್ಡ್ ಪಾರ್ಟಿ ವಿಮೆಯಲ್ಲಿ ಶೇ 15 ರಿಯಾಯಿತಿಯೂ ಇದೆ. ಆದರೆ ಕಾರಿನ ತೂಕದಿಂದ ಟೈರು ಬೇಗ ಸವೆಯಬಹುದು. ಬ್ಯಾಟರಿ ಬಾಡಿಗೆಯ ಯೋಜನೆಯಲ್ಲಿ ಕೊಳ್ಳುವಿರಾದರೆ ಕಿ.ಮೀ.ಗೆ ಕೊಡಬೇಕಾದ ಬಾಡಿಗೆಯನ್ನು ಮೇಲಿನ ಉಳಿತಾಯದಿಂದ ಕಳೆದು ಮತ್ತೆ ಭಾಗಿಸಿ.

6. ಘಟ್ಟದ ಲೆಕ್ಕ

ಕಂಪನಿ ಹೇಳುವ ರೇಂಜ್‌ನಲ್ಲಿ, ಅಂದರೆ ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರದಲ್ಲಿ, ಶೇ 70ರಷ್ಟನ್ನು ಮಾತ್ರ ನಂಬಿ ಪ್ರಯಾಣ ಯೋಜಿಸಿ. ಬೆಂಗಳೂರಿನಿಂದ ಶಿರಾಡಿ ಇಳಿದು ಮಂಗಳೂರಿಗೆ ಹೋಗುವಾಗ ಮೋಟಾರು ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ, ಮೀಟರ್ ನೋಡಿ ಖುಷಿಯೂ ಆಗುತ್ತದೆ. ಬರುವ ದಾರಿ ಹಾಗಲ್ಲ. ಒಂದೂವರೆ ಟನ್ ಕಾರನ್ನು ಸಮುದ್ರಮಟ್ಟದಿಂದ 900 ಮೀಟರ್ ಎತ್ತಲು, ಬರೀ ಆ ಎತ್ತರಕ್ಕೇ, ಸುಮಾರು ನಾಲ್ಕು ಯೂನಿಟ್ ಬೇಕು, 24 ಕಿ.ಮೀ. ರೇಂಜ್ ಅಲ್ಲೇ ಹೋಯಿತು. ಘಟ್ಟ ಹತ್ತುವ ಮೊದಲೇ ಚಾರ್ಜ್ ಮಾಡಿಕೊಳ್ಳಿ, ಒಂದು ಚಾರ್ಜರ್ ಕೆಟ್ಟಿದ್ದರೆ ಮುಂದಿನದು ಎಲ್ಲಿದೆ ಎಂದೂ ನೋಡಿಟ್ಟುಕೊಳ್ಳಿ. ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ ಇದು ದೊಡ್ಡ ಮಾತಲ್ಲ. ವಾರವಾರ ಹೋಗುವವರು ಯೋಚಿಸಬೇಕು.

7. ವಾರಂಟಿ ಪತ್ರ ಓದಿ

ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಸಾಮಾನ್ಯ. ಬ್ಯಾಟರಿಯ ಸಾಮರ್ಥ್ಯ ಎಷ್ಟು ಶೇಕಡಕ್ಕೆ ಕುಸಿದರೆ ಬದಲಿಸುತ್ತಾರೆ? ಮಳೆನೀರು ನುಗ್ಗಿ ಕೆಟ್ಟರೆ ಯಾರ ಹೊಣೆ, ಕಂಪನಿಯದೋ ವಿಮೆಯದೋ? ನೀವು ಐದು ವರ್ಷಕ್ಕೆ ಮಾರಿದರೆ ಕೊಂಡವರಿಗೂ ವಾರಂಟಿ ವರ್ಗವಾಗುತ್ತದೆಯೇ? ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ನಿಮ್ಮ ಕಾರಿನ ಬೆಲೆ ನಿಲ್ಲುವುದು ಈ ಕೊನೆಯ ಪ್ರಶ್ನೆಯ ಮೇಲೆ. ಸೇಲ್ಸ್‌ನವರು ಬಾಯಲ್ಲಿ ಹೌದು ಎಂದರೆ ಆ ಪುಟ ತೆಗೆಸಿ, ಸಾಲು ತೋರಿಸಲು ಹೇಳಿ.