ಲ್ಯಾಬರಿಂಥೈನ್ ಪದವನ್ನು ನಾನು ಕಲಿಸುವ ಬಗೆ

ಬೆಳಗಾವಿಯಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಲ್ಯಾಬರಿಂಥೈನ್ ಅನ್ನುವ ಗುಣವಾಚಕ ಬಂದಾಗ ಮೊದಲಿಗೇ ನಿಘಂಟು ತೆಗೆಸುವುದಿಲ್ಲ. 'ಅಂಕುಡೊಂಕಾದ, ಗೊಂದಲದ' ಅಂತ ಬರೆದುಕೊಂಡರೆ ಮಕ್ಕಳು ಅದನ್ನು ಎಲ್ಲೆಂದರಲ್ಲಿ ಹಾಕುತ್ತಾರೆ. ಅದಕ್ಕೇ ಒಂದೊಂದು ಹಾಳೆ ಕೊಟ್ಟು, ಖಡೇಬಜಾರ್, ಗಣಪತ್ ಗಲ್ಲಿ, ಮಾರುತಿ ಗಲ್ಲಿ ಸುತ್ತಮುತ್ತಲ ದಾರಿಗಳನ್ನು ನೆನಪಿನಿಂದ ಬರೆಯಿರಿ ಅನ್ನುತ್ತೇನೆ. ಹಾಳೆ ತುಂಬ ಕವಲು. ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಎಡಕ್ಕೋ ಬಲಕ್ಕೋ ತಿಳಿಯದೆ ಪೆನ್ಸಿಲ್ ನಿಂತುಬಿಡುತ್ತದಲ್ಲ, ಆ ಜಾಗಕ್ಕೆ ಬೆರಳಿಟ್ಟು ಪದ ಹೇಳುತ್ತೇನೆ.

"ಸರ್, ಚೋರ್ಲಾ ಘಾಟಿಗೂ ಅನ್ನಬಹುದಲ್ರೀ?" ಯಾರಾದರೂ ಕೇಳೇ ಕೇಳುತ್ತಾರೆ.

"ಅಲ್ಲಿ ದಾರಿ ಎಷ್ಟದಾವ?"

"ಒಂದ ರೀ."

ಗೋವಾಕ್ಕೆ ಇಳಿಯುವ ಆ ರಸ್ತೆ ಎಷ್ಟೇ ಸುತ್ತಲಿ, ಹಿಡಿದುಕೊಂಡು ಹೋದರೆ ಆಯಿತು. ಅದಕ್ಕೆ ವೈಂಡಿಂಗ್ ಸಾಕು. ಟಾರ್ಚುಅಸ್ ಕೂಡ ನಡೆಯುತ್ತದೆ. ಆದರೆ ಸ್ಪೆಲಿಂಗಿನಲ್ಲಿ ಇನ್ನೊಂದು ಆರ್ ಸೇರಿದರೆ ಅದು ಟಾರ್ಚರಸ್, ಅಂದರೆ ಚಿತ್ರಹಿಂಸೆ ಕೊಡುವಂಥದ್ದು. ಜೋಪಾನ.

ಆಮೇಲೆ ಕಥೆ. ಗ್ರೀಕ್ ಪುರಾಣದ ಕ್ರೀಟ್ ದ್ವೀಪದಲ್ಲಿ ಮಿನೋಸ್ ರಾಜ. ಗೂಳಿ ತಲೆಯ ಮಿನೊಟಾರನನ್ನು ಕೂಡಿಹಾಕಲು ಡೇಡಲಸ್ ಅನ್ನುವ ಶಿಲ್ಪಿಯ ಕೈಯಲ್ಲಿ ಲ್ಯಾಬರಿಂತ್, ಅಂದರೆ ಒಳಹೊಕ್ಕವರಿಗೆ ದಾರಿ ತಪ್ಪಿಸುವ ಕಟ್ಟಡ, ಕಟ್ಟಿಸುತ್ತಾನೆ. ಥೀಸಿಯಸ್ ಅನ್ನುವ ವೀರ ಮಿನೊಟಾರನನ್ನು ಕೊಂದು, ಮಿನೋಸನ ಮಗಳು ಅರಿಯಾಡ್ನೆ ಕೊಟ್ಟ ದಾರ ಹಿಡಿದೇ ಹೊರಗೆ ಬರುತ್ತಾನೆ. ಅಭಿಮನ್ಯುವಿನ ಕಥೆ ಗೊತ್ತಿರುವ ಮಕ್ಕಳಿಗೆ ಆ ದಾರದ ಬೆಲೆ ತಕ್ಷಣ ತಿಳಿಯುತ್ತದೆ.

ಓಣಿ, ಕಟ್ಟಡಕ್ಕಷ್ಟೇ ಅಲ್ಲ, ಕಾಯ್ದೆ, ಕಚೇರಿ ಕೆಲಸ, ಕಾದಂಬರಿಯ ಕಥೆಗೂ ಈ ಪದ ಬರುತ್ತದೆ. ಒಬ್ಬ ಹುಡುಗಿ ತಮ್ಮ ಹೊಲದ ವಾಟ್ನಿ, ಅಂದರೆ ಪಾಲು ಮಾಡಿಕೊಳ್ಳುವುದರ ಬಗ್ಗೆ ಬರೆದಿದ್ದಳು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬದಲಾಗಬೇಕು. ಅದಕ್ಕೆ ವಂಶಾವಳಿ ಬೇಕು. ವಂಶಾವಳಿಗೆ ಇನ್ನೊಂದು ಕಚೇರಿ, ಅಲ್ಲಿಂದ ಮತ್ತೆ ಮೊದಲಿನ ಟೇಬಲ್. ಕೊನೆಗೆ 'ಲ್ಯಾಬರಿಂಥೈನ್ ಪ್ರೊಸೀಜರ್' ಅಂತ ಬರೆದಿದ್ದಳು. ಓದಿ ನನಗೆ ಖುಷಿಯಾಯಿತು. ಪದ ಸರಿಯಾದ ಜಾಗದಲ್ಲಿ ಕೂತಿತ್ತು.

ಮನುಷ್ಯರಿಗೆ ಮಾತ್ರ ಹಾಕಬೇಡಿ ಅನ್ನುತ್ತೇನೆ. ದಾರಿ ತಪ್ಪಿದವನು ಕನ್‌ಫ್ಯೂಸ್ಡ್, ಅವನು ಸಿಕ್ಕಿಕೊಂಡ ಜಾಗ ಲ್ಯಾಬರಿಂಥೈನ್. ಬರೀ ಕಷ್ಟದ ಲೆಕ್ಕಕ್ಕೂ ಬೇಡ, ಡಿಫಿಕಲ್ಟ್ ಅಂದರೆ ಮುಗಿಯಿತು. ಉಚ್ಚಾರಕ್ಕೆ ಹೆದರಬೇಕಿಲ್ಲ. ಒತ್ತು 'ರಿಂ' ಮೇಲೆ. ಕೊನೆಯದನ್ನು ಬ್ರಿಟಿಷರು ಥೈನ್ ಅನ್ನುತ್ತಾರೆ, ಅಮೆರಿಕದವರು ಥಿನ್ ಅಂತಲೂ ಅನ್ನುತ್ತಾರೆ. ಎರಡೂ ಸರಿ.